ಸೊರಬದ ಮಾವ

"ಯಾವ ಬೀದಿ ಅಂದ್ರಿ? ಆ ಬೀದೀಗಾ? ನಾ ಬರಲ್ಲ ಮಾರಾಯ್ರೆ!"

ಸೊರಬದ ಬಸ್ ಸ್ಟ್ಯಾಂಡಿನಲ್ಲಿ ಗಾರೆ ಮೇಸ್ತ್ರಿ ರಾಜಪ್ಪ ಹೀಗೆಂದು ಬೀಡಿ ಹಚ್ಚಿದಾಗ, ಶಿಕಾರಿಪುರದಿಂದ ಮೊದಲ ಬಸ್ಸಿಗೇ ಬಂದಿದ್ದ ಪರಮಶಿವಪ್ಪನ ಮುಖ ನಿನ್ನೆಯ ಉಪ್ಪಿಟ್ಟಿನಂತಾಯಿತು.

"ನಮ್ಮ ಭಾವ ಹನ್ನೊಂದು ವರ್ಷ ಆ ಬೀದಿ ಮೂಲೇಲಿ ಕೂಲಿಗೆ ನಿಂತೋರು. ಬೀಡಿ ಸೇದ್ತಾರೆ, ಕಟ್ಟೆ ಮೇಲೆ ಕೂತ್ಕೋತಾರೆ ಅಂತ ನಿಮ್ಮ ಬೀದಿಯೋರು ಅರ್ಜಿ ಕೊಟ್ಟು ಎಲ್ಲರನ್ನೂ ಎಬ್ಸಿದ್ರು. ಆ ಅರ್ಜಿ ಟೈಪ್ ಮಾಡ್ದೋನು ಒಂದಿನ ನಂಗೆ ಸಿಗ್ಬೇಕು!"

"ಯಾರೋ ಏನೋ, ಬಿಡ್ರಿ" ಎಂದು ಪರಮಶಿವಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ಟೈಪ್ ಮಾಡಿದವನು ಅವನೇ. ಬೀದಿಯಲ್ಲಿ ಜೆರಾಕ್ಸ್ ಅಂಗಡಿ ಇದ್ದದ್ದು ಅವನದೊಂದೇ. ಪಕ್ಕದ ಮನೆಯ ಸಂಗಮೇಶ್ ಹೇಳುತ್ತ ಹೋದ, ಇವನು ಬೆರಳಾಡಿಸುತ್ತ ಹೋದ. ಇನ್ನು ಮುಂದೆ ಯಾರೂ ಕೂಲಿಯವರನ್ನು ಬೀದಿಗೆ ಕರೆಯಕೂಡದು, ಏನಿದ್ದರೂ ಕಾಂಟ್ರಾಕ್ಟರೇ ಬರಬೇಕು ಎಂದು ಬೀದಿಯವರೆಲ್ಲ ಕೂತು ತೀರ್ಮಾನವನ್ನೂ ಮಾಡಿಬಿಟ್ಟರು.

ಕಾಂಟ್ರಾಕ್ಟರ್ ಬಂದದ್ದೇನೋ ನಿಜ. ಪರಮಶಿವಪ್ಪನ ಮನೆಯ ಹಳೇ ಪಾಯಿಖಾನೆ ಒಡೆದು, ಟೈಲ್ಸ್ ಹಾಕಿ, ಪೈಪು ಎಳೆದು, ಕಮೋಡ್ ಕೂರಿಸುವುದೊಂದು ಬಾಕಿ ಇರುವಾಗ ಯಾವುದೋ ಕಲ್ಯಾಣ ಮಂಟಪದ ಕೆಲಸ ಸಿಕ್ಕಿತೆಂದು ಹೊರಟುಹೋದವನು ಫೋನೂ ಎತ್ತುತ್ತಿಲ್ಲ. ಶಿಕಾರಿಪುರದ ಕೂಲಿಯವರು ಯಾರೂ ಆ ಬೀದಿಗೆ ಕಾಲಿಡಲೊಲ್ಲರು. ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡ ತಾಯಿ ದ್ಯಾಮಮ್ಮ ಇವತ್ತು ಸಂಜೆ ಐದಕ್ಕೆ ಶಿವಮೊಗ್ಗದ ಆಸ್ಪತ್ರೆಯಿಂದ ಬರುವವರು. ಕುಕ್ಕರುಗಾಲಲ್ಲಿ ಕೂರುವ ಮಾತೇ ಇಲ್ಲ ಎಂದಿದ್ದಾರೆ ಡಾಕ್ಟರು.

ತಾಯಿಯ ಕಾಲಿನ ಕತೆ ಕೇಳಿ ರಾಜಪ್ಪನ ಬೀಡಿ ಅರ್ಧಕ್ಕೇ ಆರಿತು.

"ಎರಡು ತಾಸಿನ ಕೆಲ್ಸ. ಅಮ್ಮಾರ ಮುಖ ನೋಡಿ ಬರ್ತೀನಿ. ಆದ್ರೆ ನಿಮ್ಮ ಬೀದಿಯೋರು ಬಿಡ್ತಾರಾ?"

"ನೀವು ಮೇಸ್ತ್ರಿ ಅಲ್ಲ, ನಮ್ಮ ಸೋದರಮಾವ! ಸೊರಬದೋರು. ಅಲ್ಲಿ ಯಾರು ಏನೇ ಅಂದ್ರೂ ಹೂಂ ಅನ್ರಿ. ಇಲ್ಲ ಅಂತ ಮಾತ್ರ ಅನ್ಬೇಡ್ರಿ, ಗುಟ್ಟು ರಟ್ಟಾಗುತ್ತೆ."

ರಾಜಪ್ಪ ಅಲ್ಲೇ ಹತ್ತಿರದ ಮನೆಗೆ ಹೋಗಿ ಬಿಳಿ ಪಂಚೆ ಉಟ್ಟು ಬಂದ. ಕರಣೆ, ಸುತ್ತಿಗೆ, ರಸಮಟ್ಟಗಳು ಬಟ್ಟೆ ಅಂಗಡಿಯ ಚೀಲ ಸೇರಿದವು.

ಬೀದಿಗೆ ಕಾಲಿಟ್ಟಾಗ ಹತ್ತೂವರೆ. ಸಂಗಮೇಶ್ ಗೇಟಿನಲ್ಲೇ ನಿಂತಿದ್ದ.

"ಯಾರ್ರೀ ಇವರು, ಪರಮಶಿವಪ್ನೋರೆ?"

"ನಮ್ಮ ಮಾವ. ಅಮ್ಮನ್ನ ನೋಡಾಕೆ ಬಂದಾರೆ."

ಸಂಗಮೇಶ್ ಮಾವನ ಕೈ ಹಿಡಿದು ಕುಲುಕಿದ. ಹಿಡಿದ ಕೈಯನ್ನು ಸ್ವಲ್ಪ ಹೊತ್ತು ಬಿಡಲೇ ಇಲ್ಲ.

"ಮನೇಲಿ ಹೆಣ್ಮಕ್ಳಿಲ್ಲ, ಇವರಿಗೆ ಚಾ ಯಾರು ಕೊಡ್ತಾರೆ? ನಮ್ಮನೇಗೆ ಬರ್ರಿ ಮಾವ!"

"ಹೂಂ" ಎಂದು ರಾಜಪ್ಪ ಚೀಲದ ಸಮೇತ ಹೊರಟ.

ಮಾವನನ್ನು ಉಪಚಾರಕ್ಕೆ ಕರೆದವರಿಗೆ ಬೇಡವೆನ್ನುವುದು ಹೇಗೆ? ಒಂದು ಚಾ ತಾನೇ ಎಂದು ಪರಮಶಿವಪ್ಪ ತನ್ನ ಮನೆಗೆ ಹೋದ. ಹನ್ನೊಂದೂವರೆಯಾದರೂ ಮಾವ ಬರಲಿಲ್ಲ. ಹೋಗಿ ಬಾಗಿಲು ತಟ್ಟಿದರೆ ಸಂಗಮೇಶ್ ತಲೆಯಷ್ಟನ್ನೇ ಹೊರಗೆ ಹಾಕಿದ.

"ಮಾವಾರು ಭಾಳ ಮಾತುಗಾರರು ರೀ. ಕೂತಾರೆ, ಕೂತಿರಲಿ ಬಿಡ್ರಿ."

ಒಳಗಿನಿಂದ ಟಕ್ ಟಕ್ ಎಂದು ಸದ್ದು ಬಂತು.

"ಏನ್ರೀ ಅದು?"

"ಶೇಂಗಾ ಚಟ್ನಿಪುಡಿ. ನಮ್ಮನೆಯೋರು ಕುಟ್ತಾ ಇದಾರೆ."

ಪರಮಶಿವಪ್ಪ ವಾಪಸು ಬಂದು ಕಮೋಡಿನ ಧೂಳು ಒರೆಸಿದ. ಒಂದು ಗಂಟೆಗೆ ಮತ್ತೆ ಹೋದರೆ, ಮಾವ ಎದುರು ಮನೆಯ ಸರ್ವಮಂಗಳಕ್ಕನ ಮನೆಗೆ ಊಟಕ್ಕೆ ಹೋಗಿಯಾಗಿತ್ತು.

"ರೊಟ್ಟಿ ಬಡೀತಿದೀನಪ್ಪ, ಇನ್ನೂ ಊಟ ಆಗಿಲ್ಲ" ಎಂದರು ಸರ್ವಮಂಗಳಕ್ಕ ಕಿಟಕಿಯಿಂದ. ಮೂರು ಗಂಟೆಗೆ ಹೋದಾಗ, "ಉಂಡು ಮಲಗಿದಾರೆ. ದೊಡ್ಡೋರನ್ನ ಎಬ್ಬಿಸಬಾರದು" ಎಂದು ಕಿಟಕಿಯನ್ನೂ ಮುಚ್ಚಿದರು. ಮಲಗಿದವರ ಕಡೆಯಿಂದ ಗರಗರ ಶಬ್ದ ಕೇಳುತ್ತಿತ್ತು. ಇಂಥ ಗೊರಕೆಯನ್ನು ಪರಮಶಿವಪ್ಪ ಹುಟ್ಟಿದ ಮೇಲೆ ಕೇಳಿರಲಿಲ್ಲ. ಹೆಂಡತಿ ವಾಣಿಶ್ರೀಯ ಫೋನು ಬಂತು: "ಕಾರು ಹೊರಟೈತೆ. ಎಲ್ಲಾ ರೆಡಿ ತಾನೇ?" ಅವನು ಹೂಂ ಎಂದ. ಇವತ್ತು ಎಲ್ಲರೂ ಹೂಂ ಎನ್ನುವ ದಿನ.

ನಾಲ್ಕೂ ಮುಕ್ಕಾಲಿಗೆ ಸರ್ವಮಂಗಳಕ್ಕನ ಬಾಗಿಲು ತೆರೆಯಿತು. ಬಿಳಿ ಪಂಚೆ ಸಿಮೆಂಟಿನ ಬಣ್ಣಕ್ಕೆ ತಿರುಗಿತ್ತು. ಹಿಂದೆಯೇ ಸಂಗಮೇಶ್, ಕೈಯಲ್ಲಿ ರಸಮಟ್ಟ.

"ಮೇಸ್ತ್ರಿ, ಏನಿದು!" ಎಂದು ಪರಮಶಿವಪ್ಪ ಕೂಗಿಯೇಬಿಟ್ಟ.

"ಇವರು ಬಚ್ಚಲಿನ ಕೆಲ್ಸ ಐತೆ ಅಂದ್ರು, ಹೂಂ ಅಂದೆ. ಅವರು ಅಡುಗೆ ಕಟ್ಟೆಗೆ ಕಲ್ಲು ಕೂರ್ಸು ಅಂದ್ರು, ಹೂಂ ಅಂದೆ. ನೀವೇ ಹೇಳಿದ್ದಲ್ವಾ ಮಾರಾಯ್ರೆ?"

"ಆ ಒರಟು ಅಂಗೈ ಹಿಡಿದ್ರೆ ಮೇಸ್ತ್ರಿ ಅಂತ ಗೊತ್ತಾಗಲ್ವೇನ್ರಿ?" ಎಂದು ಸಂಗಮೇಶ್ ನಕ್ಕ. "ನಾವೂ ತಿಂಗಳಿಂದ ಆಳು ಸಿಗದೆ ಒದ್ದಾಡ್ತಿದ್ವಿ. ನಮ್ಮ ಕಮೋಡು ಹಡಗು ಅಲ್ಲಾಡಿದಂಗೆ ಅಲ್ಲಾಡ್ತಿತ್ತು. ನೀವು ಮಾವ ಅಂದದ್ದೂ ಒಳ್ಳೇದೇ ಆತು ನೋಡ್ರಿ. ಮಾವ ಕೂಲಿಯೋನಲ್ಲವಲ್ಲ, ಬೀದಿ ತೀರ್ಮಾನ ಮುರಿದಂಗೂ ಆಗಲಿಲ್ಲ."

"ಈಗಾದ್ರೂ ನಮ್ಮನೇದು..."

"ಸೊರಬದ ಬಸ್ಸಿಗೆ ಹೊತ್ತಾತು" ಎಂದ ರಾಜಪ್ಪ. "ನಾಳೆ ಅಕ್ಕಾರ ಕಟ್ಟೆ ಮುಗಿಸ್ತೀನಿ. ನಾಡಿದ್ದು ನಿಮ್ಮದೇ ಮೊದ್ಲು."

ಅಷ್ಟರಲ್ಲಿ ಕಾರು ಬಂತು. ವಾಣಿಶ್ರೀ ವಾಕರ್ ಇಳಿಸಿದಳು, ದ್ಯಾಮಮ್ಮ ಅದನ್ನು ಹಿಡಿದು ನಿಂತರು.

"ಅಮ್ಮಾ, ನಿಮ್ಮ ತಮ್ಮ ಬಂದಾರೆ ನೋಡ್ರಿ" ಎಂದರು ಸರ್ವಮಂಗಳಕ್ಕ, ಸೆರಗಿನಲ್ಲಿ ನಗು ಮುಚ್ಚಿಕೊಂಡು.

"ನಂಗೆಲ್ಲಿಯ ತಮ್ಮ? ತಮ್ಮನೋ ಅಣ್ಣನೋ ಆಮೇಲೆ ನೋಡಾನ. ಶಿವಮೊಗ್ಗದಿಂದ ತಡಕೊಂಡು ಬಂದೀನಿ. ಪರಮಶಿವಾ, ಎಲ್ಲಪ್ಪಾ ಆ ಕುರ್ಚಿ ಪಾಯಿಖಾನೆ?"

ಪರಮಶಿವಪ್ಪ ತನ್ನ ಮನೆಯ ಬಾಗಿಲಿಗೆ ಅಡ್ಡ ನಿಂತ.

"ನಮ್ಮನೇಗೆ ಬರ್ರಿ ಅಮ್ಮಾ" ಎಂದು ಸಂಗಮೇಶ್ ಗೇಟು ತೆಗೆದು ದಾರಿ ಬಿಟ್ಟ. "ಇವತ್ತೇ ಬಿಗಿ ಮಾಡ್ಸಿದ್ದು. ಬಂಡೆ ಇದ್ದಂಗೈತೆ!"

ವಾಕರ್ ಟಕ್ ಟಕ್ ಎನ್ನುತ್ತ ಸಂಗಮೇಶನ ಮನೆಯೊಳಗೆ ಹೋಯಿತು. ಚಿಲಕ ಬಿದ್ದ ಸದ್ದು ಕೇಳಿತು. ಶಿವಮೊಗ್ಗದಿಂದ ಕಾರಿನಲ್ಲಿ ಕೂತೇ ಬಂದಿದ್ದ ವಾಣಿಶ್ರೀ, ಗಂಡನ ಮುಖವನ್ನೂ ನೋಡದೆ, ಬ್ಯಾಗನ್ನು ಅವರ ಜಗುಲಿಯ ಮೇಲಿಟ್ಟು ಬಾಗಿಲ ಬಳಿ ಹೋಗಿ ನಿಂತಳು. ಪರಮಶಿವಪ್ಪ ಬೀದಿಯ ಆ ತುದಿ ಈ ತುದಿ ಒಮ್ಮೆ ನೋಡಿ, ಅವಳ ಹಿಂದೆ ಸರದಿಗೆ ನಿಂತ.