ಸಣ್ಣ ಮಾಮನ ರಾಜಲಾಂಛನಗಳು

ನಮ್ಮ ಸಣ್ಣ ಮಾಮನ ಕಣ್ಣಿಗೆ ಪ್ರಜೆಗಳೇ ಕಾಣುವುದಿಲ್ಲ. ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆ ಸುತ್ತಿದರೂ ಅವನಿಗೆ ಸಿಗುವವರೆಲ್ಲ ಅರಸರೇ! ಚಹಾದಂಗಡಿಯವನು ಅರಸ, ಕುರಿ ಮೇಯಿಸುವವನು ಅರಸ, ಪಂಕ್ಚರ್ ಹಾಕುವವನೂ ಅರಸ. ಅರಸ ಅಂದಮೇಲೆ ಬಾಗಿಲ ಮೇಲೊಂದು ರಾಜಲಾಂಛನ ಬೇಡವೇ? ಅದನ್ನು ಮಾಡಿಕೊಡಲಿಕ್ಕೇ ದೇವರು ತನ್ನನ್ನು ಭೂಮಿಗೆ ಕಳಿಸಿದ್ದಾನೆಂದು ಅವನ ಖಚಿತ ನಂಬಿಕೆ. ದೇವರನ್ನು ಕೇಳಿ ನೋಡಿದವರು ಯಾರು?

ಕಸುಬಿನಿಂದ ಅವನು ಗೌಂಡಿ. ಗೋಡೆ ಕಟ್ಟುತ್ತಾನೆ, ಗಿಲಾವು ಮಾಡುತ್ತಾನೆ. ಹರೆಯದಲ್ಲಿ ಸುರಪುರದ ಹಳೇ ವಾಡೆಯೊಂದರ ದುರಸ್ತಿಗೆ ಹೋಗಿದ್ದಾಗ, ಬಾಗಿಲ ನೆತ್ತಿಯಲ್ಲಿ ಸುಣ್ಣದ ಗಚ್ಚಿನಿಂದ ಮೂಡಿಸಿದ್ದ ಹಳೆಯ ಲಾಂಛನವೊಂದನ್ನು ಕಂಡನಂತೆ. ಅದರ ಪ್ರಾಣಿಗೆ ಒಂದು ಕಿವಿ ಬಿದ್ದುಹೋಗಿತ್ತು. ಜೊತೆಗಿದ್ದ ಮುದುಕ ಗೌಂಡಿ ಆ ಕಿವಿಯನ್ನು ಮತ್ತೆ ಕೂಡಿಸುವುದನ್ನು ಇವನು ಬಾಯಿ ಬಿಟ್ಟುಕೊಂಡು ನೋಡಿದ. ಆ ಪ್ರಾಣಿಗೆ ಕಿವಿ ಬಂತು, ನಮ್ಮ ಮಾಮನಿಗೆ ಹುಚ್ಚು ಬಂತು!

ಯಾದಗಿರಿಯಲ್ಲಿ ನಾವು ಮನೆ ಕಟ್ಟಿಸಿದಾಗ ಅವನು ಗಿಲಾವಿನ ಕರಣಿ ಹಿಡಿದುಕೊಂಡೇ ಬಂದ. ನಮ್ಮಪ್ಪನನ್ನು ಕೂರಿಸಿಕೊಂಡು ವಕೀಲನ ಹಾಗೆ ಕೇಳಿದ: "ಭಾವ, ನಿಮ್ಮ ಮನಿತನದ ಗುರುತು ಏನ್ರಿ?"

"ನಮ್ಮ ಅಜ್ಜ ಕುರಿ ಸಾಕಿದಾಂವ. ನಾ ಸಾಲಿ ಮಾಸ್ತರ. ಎಂಥಾ ಗುರುತೋ ಮಾರಾಯಾ?"

"ಸಾಕು ಬಿಡ್ರಿ, ಸಿಕ್ತು!" ಎಂದವನೇ ಗಳುಗಳ ಅಟ್ಟ ಕಟ್ಟಿ ಹತ್ತಿದ. ಒಂದು ವಾರ ಬಾಗಿಲ ಮುಂದೆ ಗೋಣಿತಟ್ಟಿನ ಪರದೆ. ಇಳಿಸಿದ ದಿನ ನೋಡಿದರೆ, ನಡುವೆ ಒಂದು ಗುರಾಣಿ, ಅದರ ಮೇಲೆ ತೆರೆದ ಪುಸ್ತಕ, ಎಡಕ್ಕೊಂದು ಬಲಕ್ಕೊಂದು ಕೊಂಬಿನ ಟಗರು ಮುಂಗಾಲೆತ್ತಿ ಗುರಾಣಿಯನ್ನು ಹಿಡಿದು ನಿಂತಿವೆ! ಬಹಳ ಚೆಂದವಿತ್ತು, ಸುಳ್ಳು ಹೇಳಬಾರದು. ಮುಂದಿನ ಭಾನುವಾರ ಬೆಳಿಗ್ಗೆ ಯಾರೋ ಇಬ್ಬರು ಚೀಲ ಹಿಡಿದು ಬಂದು ಅಪ್ಪನನ್ನು ಕೇಳಿದರು: "ಒಂದ್ ಕಿಲೋ ಕೊಡ್ರಿ. ತೊಡೀದು ಇರ್ಲಿ."

ಕೃಷ್ಣೆಯ ದಂಡೆಯ ಮೀನುಗಾರನೊಬ್ಬನಿಗೆ ಬಲೆಯೊಳಗೆ ಎರಡು ಮೀನು ಮೂಡಿಸಿಕೊಟ್ಟ. ಆತ ತಲೆ ಎತ್ತಿ ನೋಡಿ ನೋಡಿ, "ಇವು ನಗಾಕತ್ತಾವಲ್ಲೋ! ಬಲಿಗೆ ಬಿದ್ದ ಮೀನ ಎಲ್ಲೆರ ನಗತಾವೇನು?" ಎಂದ.

"ಹಾದಿಹೋಕರ ಬಲಿಗೆ ಬಿದ್ರ ಅಳತಾವ. ಅರಸನ ಬಲಿಗೆ ಬಿದ್ರ ನಗತಾವ" ಎಂದ ಮಾಮ. ಆತ ಒಳಗೆ ಹೋಗಿ ಮೀಸೆ ತಿದ್ದಿಕೊಂಡು ಬಂದನಂತೆ.

ಅವನ ದೊಡ್ಡ ಫಜೀತಿಯೆಂದರೆ ಸಿಂಹ. ಹುಟ್ಟಿನಿಂದ ಸಿಂಹವನ್ನೇ ನೋಡಿದವನಲ್ಲ. ಅದಕ್ಕೆಂದೇ ಹೈದರಾಬಾದಿಗೆ ಹೋಗಿ ಮೃಗಾಲಯದಲ್ಲಿ ಇಡೀ ದಿನ ಕೂತ. ಆ ಪುಣ್ಯಾತ್ಮ ಸಿಂಹ ಬೆಳಗಿನಿಂದ ಸಂಜೆಯವರೆಗೆ ಮಲಗಿಯೇ ಇತ್ತು! ಇವನೂ ಏಳಿಸಲಿಲ್ಲ. ಆಮೇಲೆ ಶಹಾಪುರದ ಪುಢಾರಿಯೊಬ್ಬ ತನ್ನ ಗೇಟಿಗೆ ಗರ್ಜಿಸುವ ಸಿಂಹ ಬೇಕೆಂದು ಹೇಳಿ ಕಳಿಸಿದ. ಮಾಮ ಮಾಡಿಕೊಟ್ಟದ್ದು ಮುಂಗಾಲ ಮೇಲೆ ಗದ್ದವಿಟ್ಟು ಸುಖನಿದ್ದೆಯಲ್ಲಿರುವ ಸಿಂಹ. ಪುಢಾರಿ ಹೌಹಾರಿದ.

"ಇದ್ಯಾಕ ಮಲಗೇದೋ?"

"ಎದ್ದು ಒದರೋದು ಸರ್ಕಸ್‌ದಾಗಿಂದು ಸಾಹೇಬ್ರ. ಖರೇ ರಾಜಾ ಮಲಗತಾನ್ರಿ. ಒದರೋ ಕೆಲಸ ಮಂದಿ ಮಾಡತಾರ."

ಆ ಸಲದ ಚುನಾವಣೆಯಲ್ಲಿ ಪುಢಾರಿ ಬಿದ್ದ. ಬಿದ್ದದ್ದಕ್ಕೆ ಸಿಂಹದ ನಿದ್ದೆಯೇ ಕಾರಣವೆಂದು ಇವತ್ತಿಗೂ ಹೇಳಿಕೊಂಡು ತಿರುಗುತ್ತಾನೆ. ಬೇರೆ ಕಾರಣಗಳೂ ಇದ್ದವು, ಇರಲಿ ಬಿಡಿ.

ಬೇರೆ ಗೌಂಡಿಗಳ ಕೆಲಸ ಕಂಡರೆ ಮಾತ್ರ ನಮ್ಮ ಮಾಮನ ಬಾಯಿಗೆ ತಡೆಯೇ ಇರಲಿಲ್ಲ. ದೋರನಹಳ್ಳಿಯ ಮದುವೆಗೆಂದು ಹೋದವನು, ಬೀಗರ ಮನೆಯ ಮುಂದಿನ ನವಿಲನ್ನು ಕಂಡು, "ಈ ಕೋಳಿಗೆ ಯಾಕ್ರಿ ಇಷ್ಟುದ್ದ ಪುಚ್ಚ?" ಎಂದುಬಿಟ್ಟ! ಊಟಕ್ಕೆ ಕರೆಯುವವರೇ ಇಲ್ಲದೆ ನಾವು ಮೂಲೆಯಲ್ಲಿ ಕೂತಿದ್ದೆವು.

ಇಂಥವನು ಲೋಕಕ್ಕೆಲ್ಲ ಮನೆತನದ ಗುರುತು ಹಂಚುತ್ತ ಓಡಾಡುವಾಗ, ಅವನ ಸ್ವಂತ ಮನೆತನದ ಕತೆ ಏನೆಂದು ನೀವು ಕೇಳಬಹುದು. ಅದನ್ನು ನಗುತ್ತ ಹೇಳಲು ನನಗೆ ಬರುವುದಿಲ್ಲ. ಆದರೂ ಹೇಳುತ್ತೇನೆ.

ನಮ್ಮವ್ವನಿಗೆ ಇಬ್ಬರು ತಮ್ಮಂದಿರು. ದೊಡ್ಡ ಮಾಮ ವನದುರ್ಗದಲ್ಲಿ ಹೊಲ, ಕುರಿ ನೋಡಿಕೊಂಡಿದ್ದವನು. ಸಣ್ಣ ಮಾಮ ಕಸುಬು ಕಲಿತು ಬಂದ ಹೊಸದರಲ್ಲಿ ಮಾಡಿದ ಮೊಟ್ಟಮೊದಲ ಲಾಂಛನ ಅಲ್ಲಿನ ತಮ್ಮ ಮನೆಯ ಬಾಗಿಲ ಮೇಲಿನದು. ನಡುವೆ ಕೊಡ, ಎರಡೂ ಕಡೆ ಸೊಂಡಿಲೆತ್ತಿದ ಆನೆ. ಉಸುಕು ಸೋಸಿಕೊಟ್ಟವನು, ಸುಣ್ಣ ಅರೆದುಕೊಟ್ಟವನು, ಅಟ್ಟ ಅಲುಗದಂತೆ ಕೆಳಗೆ ಹಿಡಿದು ನಿಂತವನು ದೊಡ್ಡ ಮಾಮನೇ. ಕೆಲಸ ಮುಗಿದ ದಿನ ಊರೆಲ್ಲ ತಿರುಗಿ ಮಂದಿಯನ್ನು ಕರೆತಂದು ತೋರಿಸಿದ್ದನಂತೆ.

ಮುಂದೆ ಮನೆ ಪಾಲಾಗುವ ಹೊತ್ತಿಗೆ ಇಬ್ಬರ ನಡುವೆ ಮಾತು ಹುಳಿಯಾಗಿತ್ತು. ಹಿರಿಯರ ಮುಂದೆ ಸಣ್ಣ ಮಾಮ ತನ್ನ ಕೆಲಸದ ಬಗ್ಗೆ ಏನೋ ಹೇಳಿಕೊಳ್ಳಲು ಹೋದಾಗ ದೊಡ್ಡ ಮಾಮ ಸಿಟ್ಟಿನಲ್ಲಿ, "ಗ್ವಾಡಿ ಮ್ಯಾಲಿನ ಬೊಂಬಿ ಹೊಟ್ಟಿ ತುಂಬಸ್ತಾವೇನೋ?" ಎಂದುಬಿಟ್ಟ.

"ಹಂಗಾರ ನನ್ನ ಬೊಂಬಿ ನಾ ಒಯ್ತೀನಿ!"

ಉಳಿ, ಸುತ್ತಿಗೆ ತಂದು ಅಟ್ಟವಿಲ್ಲದೆ ಏಣಿಯ ಮೇಲೆ ನಿಂತು ಬಲಗಡೆಯ ಆನೆಯನ್ನು ಕೆತ್ತಿ ತೆಗೆಯತೊಡಗಿದ. ಗಚ್ಚಿನ ಆನೆ ಇಡಿಯಾಗಿ ಬರುತ್ತದೆಯೇ? ಸೊಂಡಿಲು ಒಂದು ಕಡೆ, ಹೊಟ್ಟೆ ಒಂದು ಕಡೆ. ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ, ಎಡಗಡೆಯ ಆನೆಗೆ ಉಳಿ ಇಟ್ಟಾಗ ದೊಡ್ಡ ಅತ್ತೆ ಏಣಿ ಹಿಡಿದುಕೊಂಡು, "ಒಂದರ ಬಿಟ್ಟು ಹೋಗೋ ಯಪ್ಪಾ" ಎಂದು ಅತ್ತಳು. ಒಂದನ್ನು ಬಿಟ್ಟ. ಚೀಲ ಹೊತ್ತುಕೊಂಡು ಸುರಪುರದ ಬಸ್ಸು ಹತ್ತಿದವನು ಮತ್ತೆ ಆ ಊರಿಗೆ ಕಾಲಿಡಲಿಲ್ಲ.

ಎಷ್ಟು ವರ್ಷ! ನನ್ನ ಮದುವೆಗೆ ಇಬ್ಬರೂ ಬಂದಿದ್ದರು. ಒಬ್ಬ ಮೊದಲ ಪಂಕ್ತಿಯಲ್ಲಿ ಉಂಡರೆ ಇನ್ನೊಬ್ಬ ಕಡೆಯ ಪಂಕ್ತಿಯಲ್ಲಿ. ಕೈ ತೊಳೆಯುವಾಗ ದೊಡ್ಡ ಮಾಮ ಅವ್ವನನ್ನು ಕೇಳಿದ, "ಅಂವಾ ಉಂಡನೇನು?" ಸ್ವಲ್ಪ ಹೊತ್ತಿಗೆ ಸಣ್ಣ ಮಾಮ ಬಂದು ಕೇಳಿದ, "ಅಣ್ಣ ಉಂಡಾನಿಲ್ಲ?" ಅವ್ವ ಇಬ್ಬರಿಗೂ, "ನೀವ ಕೇಳ್ಕೋರಿ, ನಾ ಅಂಚೆಯಾಕಿ ಏನು?" ಎಂದು ಗದರಿದಳು. ಕೇಳಿಕೊಳ್ಳಲಿಲ್ಲ. ಅವನು ಕರೆಯಲಿ ಎಂದು ಇವನು, ಇವನು ಬರಲಿ ಎಂದು ಅವನು.

ಹೋದ ವರ್ಷದಿಂದ ದೊಡ್ಡ ಮಾಮನಿಗೆ ಮರೆವಿನ ರೋಗ. ಮೊದಲು ಹೊಲದ ದಾರಿ ಮರೆತ, ಆಮೇಲೆ ಮನೆಯವರ ಹೆಸರು. ಅವ್ವ ಸುರಪುರಕ್ಕೆ ಫೋನು ಮಾಡಿ, "ಅಂವಗ ಈಗ ಯಾರ ಗುರುತೂ ಹತ್ತವಲ್ದೋ" ಎಂದಳು.

"ಛಲೋನ ಆತಲ್ಲ ಅಕ್ಕಾ. ನನ್ನ ಮ್ಯಾಲಿನ ಸಿಟ್ಟೂ ಮರ್ತಿರತಾನ" ಎಂದ ಸಣ್ಣ ಮಾಮ. ನಗಲು ಹೋದ. ನಗು ಅರ್ಧಕ್ಕೇ ನಿಂತದ್ದು ಫೋನಿನಲ್ಲೂ ಕೇಳಿಸಿತು. ಮರುದಿನ ನಾನೇ ಹೋಗಿ ಅವನನ್ನು ವನದುರ್ಗಕ್ಕೆ ಕರೆದೊಯ್ದೆ.

ದೊಡ್ಡ ಮಾಮ ಕಟ್ಟೆಯ ಮೇಲೆ ಕೂತಿದ್ದ. ಸಣ್ಣ ಮಾಮ ಅಂಗಳದಲ್ಲೇ ನಿಂತು ಬಾಗಿಲ ಮೇಲೆ ನೋಡಿದ. ನಾನೂ ನೋಡಿದೆ. ಎಡಗಡೆ ಅವನ ಆನೆ, ಹಾಗೆಯೇ ಇದೆ. ಬಲಗಡೆ ಬೋಳಾಗಿರಬೇಕಾದ ಜಾಗದಲ್ಲಿ ಇನ್ನೇನೋ ಇತ್ತು. ಸಿಮೆಂಟಿನದು. ಎಮ್ಮೆಯೋ, ಸೊಂಡಿಲು ಮೂಡಿದ ಕುಂಬಳಕಾಯಿಯೋ ಹೇಳುವುದು ಕಷ್ಟ. ಈಗ ಇವನ ಬಾಯಿಂದ ಏನು ಹೊರಡುತ್ತದೋ ಎಂದು ನಾನು ಅವನ ತೋಳು ಹಿಡಿದುಕೊಂಡೆ.

"ಯಾರ್ರಿ? ಬರ್ರಿ, ಕುಂದರ್ರಿ" ಎಂದ ದೊಡ್ಡ ಮಾಮ.

ಸಣ್ಣ ಮಾಮ ಚಪ್ಪಲಿ ಬಿಟ್ಟು ಕಟ್ಟೆಯ ಹತ್ತಿರ ಬಂದ. "ಗೌಂಡಿ ಅದೀನ್ರಿ. ಸುರಪುರದಾಂವ" ಎಂದ.

"ಸುರಪುರದಾಗ ನಮ್ಮ ತಮ್ಮ ಅದಾನ್ರಿ! ಅಂವನೂ ಗೌಂಡಿನ. ಆ ಆನಿ ನೋಡ್ರಿ, ಎಡಗಡೀದು, ಅದು ಅಂವಂದು. ಹ್ಯಾಂಗದ?"

"ಛಲೋ ಅದ್ರಿ."

"ಬಲಗಡೀದು ನಾ ಮಾಡಿದ್ದು. ಒಂಟಿ ಆನಿ ನೋಡಾಕ ಆಗಲಿಲ್ರಿ. ನನಗೆಲ್ಲಿ ಬರ್ತದ? ಸೊಂಡಿ ಹಚ್ಚಿದಂಗೆಲ್ಲಾ ಬೀಳತಿತ್ತು. ಅಂವಾ ಬಂದು ಇದನ್ನ ನೋಡಿದ್ರ ಬಾಯಿಗೆ ಬಂದಂಗ ಬೈತಾನ."

"ಬಯ್ಯಾಂಗಿಲ್ಲ ಬಿಡ್ರಿ."

"ನಿಮಗ ಗೊತ್ತಿಲ್ರಿ ಅಂವನ ಬಾಯಿ!" ದೊಡ್ಡ ಮಾಮ ನಕ್ಕ. ಆಮೇಲೆ ಸರಿದು ಹತ್ತಿರ ಬಂದು ದನಿ ತಗ್ಗಿಸಿದ. "ನೀವು ಗೌಂಡಿ ಅಂದ್ರಲ್ಲಾ, ಅಂವಾ ಬರೋದ್ರಾಗ ಜರಾ ತಿದ್ದಿ ಕೊಡ್ತೀರೇನ್ರಿ?"

ಸಣ್ಣ ಮಾಮ ಕಟ್ಟೆಯ ಮೇಲೆ ಕೂತುಬಿಟ್ಟ. "ಇಲ್ರಿ. ಇದು ನನ್ನ ಕೈಲೆ ಆಗೂದಿಲ್ರಿ."

ಬಾಗಿಲಲ್ಲಿ ದೊಡ್ಡ ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ದೊಡ್ಡ ಮಾಮ ಮತ್ತೊಮ್ಮೆ ಆನೆಗಳ ಕಡೆ ನೋಡಿ ಕೇಳಿದ: "ಅಂವಾ ಬರ್ತಾನಂತೀರೇನ್ರಿ?"

"ಬಂದಾನ ಅಣ್ಣಾ" ಎಂದ ಸಣ್ಣ ಮಾಮ. "ಬಂದಾನ."

"ಹೌದಾ? ಎಲ್ಲಿ?" ಎನ್ನುತ್ತ ದೊಡ್ಡ ಮಾಮ ತಟ್ಟನೆ ಎದ್ದು, ತಮ್ಮನ ಹೆಗಲ ಮೇಲೆ ಕೈಯೂರಿ ನಿಂತು, ಅವನ ತಲೆಯ ಮೇಲಿಂದ ರಸ್ತೆಯ ಕಡೆ ನೋಡತೊಡಗಿದ.