ದರ್ಜಿ ಹಾಕಿದ ಗುರುತು

ಹೆಂಡತಿಯ ಸೊಂಟದ ಅಳತೆಯನ್ನು ಮೂವರು ಗಿರಾಕಿಗಳ ಮುಂದೆ ಗಟ್ಟಿಯಾಗಿ ಓದಿದ್ದೇ ದರ್ಜಿ ಮಾಡಿದ ತಪ್ಪು. ಆಕೆ ಅಂದೇ ಪೆಟ್ಟಿಗೆ ಎತ್ತಿಕೊಂಡು ಗಡಿಯಾಚೆಯ ಅಣ್ಣನ ಮನೆಗೆ ಹೊರಟುಹೋದಳು. ನಾಲ್ಕು ದಿನದ ಮೇಲೆ ಫೋನ್ ಬಂತು: "ನಾಳೆ ಸಂಜೆಯೊಳಗೆ ನೀವೇ ಬಂದು ಕರೀಬೇಕು. ಇಲ್ಲಾಂದ್ರೆ ನಾನಿನ್ನು ಇಲ್ಲೇ."

ದರ್ಜಿ ಬೆಳಗಿನ ಮೊದಲ ರೈಲನ್ನೇ ಹಿಡಿದ. ಮಧ್ಯಾಹ್ನ ಗಡಿಯಲ್ಲಿ ರೈಲು ನಿಂತಿತು.

"ಇನ್ನೆರಡು ಗಂಟೆ ಅಲ್ಲಾಡಲ್ಲ," ಎಂದರು ಎದುರು ಸೀಟಿನ ನಿವೃತ್ತ ಹೆಡ್‌ಮೇಷ್ಟ್ರು. "ಆ ಕಡೆ ಹಳಿ ನಮ್ಮದಕ್ಕಿಂತ ಅಗಲ. ಡಬ್ಬಿಗಳನ್ನ ಶೆಡ್ಡಿಗೆ ಒಯ್ದು ಗಾಲಿ ಹೊಂದಿಸ್ತಾರೆ. ಅಲ್ಲೀವರೆಗೂ ಶೌಚಾಲಯಕ್ಕೆ ಬೀಗ."

ಬಿಗಿಯಾದ ಪ್ಯಾಂಟಿನ ಹೊಲಿಗೆ ಬಿಚ್ಚಿ ಸಡಿಲಿಸಿದ ಹಾಗೆ, ಇದ್ದ ಗಾಲಿಗಳನ್ನೇ ಅಗಲಿಸುತ್ತಾರೆಂದು ದರ್ಜಿ ಲೆಕ್ಕ ಹಾಕಿದ. ಅಷ್ಟರಲ್ಲಿ, ಬೀಗದ ಸುದ್ದಿ ಕೇಳಿದ್ದೇ ತಡ, ಬೆಳಗಿನಿಂದ ಕುಡಿದ ಐದು ಲೋಟ ಚಹಾ ಒಟ್ಟಿಗೆ ಎದ್ದು ನಿಂತವು.

"ಇಳಿಯೋದಾದ್ರೆ ಡಬ್ಬಿಗೆ ಗುರುತು ಹಾಕಿ ಹೋಗಪ್ಪ," ಎಂದಳು ಪಕ್ಕದ ಅಜ್ಜಿ. "ಎಲ್ಲಾ ಒಂದೇ ಥರ ಇರ್ತವೆ. ನಮ್ಮೆಜಮಾನ್ರು ಹೀಗೇ ಇಳಿದೋರು ಮೂರು ದಿನ ಸಿಗ್ಲಿಲ್ಲ."

"ಆಮೇಲೆ ಸಿಕ್ಕಿದ್ರಲ್ಲ?"

"ಅದೇ ನನ್ನ ಕರ್ಮ."

ಗುರುತು ಹಾಕುವುದನ್ನು ದರ್ಜಿಗೆ ಹೇಳಿಕೊಡಬೇಕೆ? ಜೇಬಿನಲ್ಲಿ ಸದಾ ಸೀಮೆಸುಣ್ಣ. ಕಾಣುವ ಕಡೆ ಗೀಚಬಾರದು, ಅಡಿಯಲ್ಲಿ ಗೀಚಬೇಕು ಎನ್ನುವುದು ಅವನ ಕಸುಬಿನ ಶಿಸ್ತು. ಕೆಳಗಿಳಿದು ಬಗ್ಗಿ, ಗಾಲಿಯ ಮೇಲೆ ಮೂರು ಗೀಟು ಎಳೆದು ಓಡಿದ.

ನಿಲ್ದಾಣದ ಶೌಚಾಲಯದ ಮುಂದೆ ರೈಲಿಗಿಂತ ಉದ್ದದ ಸಾಲು. ಅವನು ಹಿಂತಿರುಗುವಷ್ಟರಲ್ಲಿ ತಗ್ಗು ಪ್ಲಾಟ್‌ಫಾರಂನ ಆಚೆ ಈಚೆ ಒಂದೊಂದು ರೈಲು, ಅವಳಿ ಮಕ್ಕಳ ಹಾಗೆ. ಕಳೆದ ಸೂಜಿ ಹುಡುಕುವವನಂತೆ ಬಗ್ಗಿ ಬಗ್ಗಿ ಗಾಲಿ ನೋಡುತ್ತ ಹೋದ. ಅಗೋ, ಮೂರು ಗೀಟು! ಒಂದೇ ನೆಗೆತಕ್ಕೆ ಹತ್ತಿದ.

ಒಳಗೆ ಕಿಟಕಿಯ ಪಕ್ಕ ಅವನ ಹೆಂಡತಿ ಕೂತಿದ್ದಳು.

"ನೀವಾ!" ಅವಳ ಮುಖ ಅರಳಿತು. "ಪಾಪ, ನಿಮ್ಮನ್ನ ಅಷ್ಟು ದೂರ ಯಾಕೆ ಅಲೆಸಬೇಕು ಅಂತ ನಾನೇ ಹೊರಟುಬಿಟ್ಟೆ." ಮರುಗಳಿಗೆಯೇ ಹುಬ್ಬು ಗಂಟಿಕ್ಕಿತು. "ಅಲ್ಲಾ, ಇದು ನಮ್ಮೂರಿಗೆ ಹೋಗೋ ರೈಲು. ನೀವ್ಯಾಕೆ ಇದನ್ನ ಹತ್ತಿದ್ರಿ?"

"ಗಾಲಿ ಮೇಲೆ ನನ್ನ ಗುರುತಿತ್ತು ಕಣೇ..."

"ಗಾಲಿ ಅಂತೆ, ಗುರುತಂತೆ! ಅರ್ಧ ದಾರಿಗೆ ಬಂದು ವಾಪಸ್ ಹೊರಟಿದ್ರಿ ಅನ್ನಿ. ಇನ್ನು ಅಣ್ಣನ ಮನೆ ಬಾಗಿಲಿಗೇ ಬಂದು ಕರೀರಿ!"

ಪೆಟ್ಟಿಗೆ ಎತ್ತಿಕೊಂಡು ಇಳಿದವಳೇ ಎದುರಿನ ರೈಲು ಹತ್ತಿಬಿಟ್ಟಳು. ದರ್ಜಿ ಬಾಗಿಲಿಗೆ ಓಡಿದ. ಅಷ್ಟೂ ಹೊತ್ತು ಅಲ್ಲೇ ನಿಂತು ಕೇಳುತ್ತಿದ್ದ ಟಿಕೆಟ್ ತಪಾಸಕ ಅಡ್ಡ ಬಂದು ಬಾಗಿಲು ಹಾಕಿದ. ರೈಲು ಹೊರಟಿತು.

"ದೇವರಾಣೆ, ಅದು ನನ್ನದೇ ಗುರುತು ಸಾರ್!"

"ಹೌದು, ಆ ರೈಲಿಂದ ಬಿಚ್ಚಿದ ಗಾಲಿಗಳನ್ನೇ ಈ ರೈಲಿಗೆ ಹಾಕೋದು. ದಿನಾ ಹಾಗೇ."

"ಅಯ್ಯೋ, ಅದನ್ನ ಅವಳ ಮುಂದೆ ಹೇಳಬಾರದಿತ್ತಾ?"

"ಹೇಳೋಣ ಅಂತಲೇ ಇದ್ದೆ," ಎಂದ ತಪಾಸಕ. "ಗಂಡ ಹೆಂಡಿರ ಮಧ್ಯೆ ನಮಗ್ಯಾಕೆ ಅಂತ ಸುಮ್ಮನಾದೆ."