ಇನ್‌ಸ್ಪೆಕ್ಟರ್ ಸ್ವೆಟರಿನ ಎಡತೋಳಿನ ದಾರ

“ನಿನ್ನ ಸ್ವೆಟರನ್ನ ನಾನು ಗೆಲ್ಲಿಸ್ಲಿಲ್ಲ ಅಂದ್ರೆ, ಇನ್ಮೇಲೆ ಈ ಕತ್ತರೀನೇ ಮುಟ್ಟಲ್ಲ!”

ಚೆಕ್ಕರ್ ಸಾಹೇಬರು ಅಡುಗೆಮನೆಯ ಬಾಗಿಲಲ್ಲಿ ನಿಂತು, ಬಲಗೈ ಮೇಲೆತ್ತಿ ಈ ಘೋರ ಶಪಥ ಮಾಡಿದಾಗ ಅವರ ಹೆಂಡತಿ ತಟ್ಟೆ ತೊಳೆಯುತ್ತಿದ್ದಳು.

“ಮೊದ್ಲು ಒಣಗಿರೋ ಬಟ್ಟೆ ಒಳಗೆ ತನ್ನಿ. ಶಪಥ ಆಮೇಲೆ ಮಾಡಿದ್ರಾಯ್ತು,” ಎಂದಳು.

ಸಾಹೇಬರು ಸಿದ್ಧ ಉಡುಪಿನ ಕಾರ್ಖಾನೆಯೊಂದರ ಫಿನಿಷಿಂಗ್ ವಿಭಾಗದಲ್ಲಿ ಹತ್ತೊಂಬತ್ತು ವರ್ಷಗಳಿಂದ ಚೆಕ್ಕರ್. ಹೊಲಿದು ಬಂದ ಬಟ್ಟೆಯಲ್ಲಿ ನೇತಾಡುವ ದಾರ ಹುಡುಕುವುದು, ಕತ್ತರಿಸುವುದು, ‘೧೭’ ಎಂಬ ತಮ್ಮ ನಂಬರಿನ ಪಟ್ಟಿ ಹಚ್ಚಿ ಮುಂದಕ್ಕೆ ದಾಟಿಸುವುದು ಅವರ ಕೆಲಸ. “ಹದಿನೇಳನ್ನ ದಾಟಿ ಒಂದೇ ಒಂದು ಎಳೆ ಆಚೆ ಹೋಗಿದ್ದು ತೋರ್ಸಿ ನೋಡೋಣ!” ಎಂಬ ಅವರ ಸವಾಲಿಗೆ ಇಡೀ ಕಾರ್ಖಾನೆಯಲ್ಲಿ ಉತ್ತರವಿರಲಿಲ್ಲ. ದಾರ ಕತ್ತರಿಸುವ ಪುಟ್ಟ ಕತ್ತರಿ ಸದಾ ಅವರ ಕೊರಳಲ್ಲಿ. ಸ್ನಾನಕ್ಕೆ ಮಾತ್ರ ಅದಕ್ಕೆ ರಜೆ! ಒಮ್ಮೆ ಡಾಕ್ಟರು ಎದೆಗೆ ಕೊಳವೆ ಒತ್ತಿ “ಉಸಿರು ಎಳೀರಿ” ಎಂದಾಗ, ಸಾಹೇಬರು ಉಸಿರನ್ನೂ ಎಳೆದು, ಡಾಕ್ಟರ ಕೋಟಿನ ತೋಳಿನಲ್ಲಿದ್ದ ದಾರವನ್ನೂ ಕಚಕ್ಕೆಂದು ತೆಗೆದಿದ್ದರು.

ಹೆಂಡತಿಯದು ಹೆಣಿಗೆ. ಎರಡು ವರ್ಷದ ಹಿಂದೆ ಟಿ.ವಿ. ಸೀರಿಯಲ್ಲೊಂದರ ಇನ್‌ಸ್ಪೆಕ್ಟರ್ ಪಾತ್ರಕ್ಕೆ ಅವಳು ಇಟ್ಟಿಗೆ ಬಣ್ಣದ ಸ್ವೆಟರ್ ಹೆಣೆದುಕೊಟ್ಟಿದ್ದಳು. ಅದರ ಕೊರಳೊಳಗೂ ಸಾಹೇಬರು ತಮ್ಮ ‘೧೭’ರ ಪಟ್ಟಿ ಹೊಲಿದಿದ್ದರು. ಇನ್‌ಸ್ಪೆಕ್ಟರ್ ಒಮ್ಮೆ ಸ್ವೆಟರ್ ಬಿಚ್ಚಿ ಕುರ್ಚಿಗೆ ಹಾಕಿದಾಗ ಅದು ಅರೆಕ್ಷಣ ತೆರೆಯ ಮೇಲೆ ಮಿಂಚಿತ್ತು. ಆ ಚಿತ್ರ ಕಾರ್ಖಾನೆಯ ಪ್ರತಿಯೊಬ್ಬರ ಫೋನಿನಲ್ಲೂ ಇತ್ತು. ಕಳಿಸಿದವರು ಸಾಹೇಬರೇ. ಸೀರಿಯಲ್ಲನ್ನು ಮಾತ್ರ ಅವರು ನೋಡಿದವರಲ್ಲ. ಶೀರ್ಷಿಕೆ ಗೀತೆ ಮುಗಿಯುವುದರೊಳಗೆ ಕುರ್ಚಿಯಲ್ಲೇ ಗೊರಕೆ!

ಈಗ ಚಾನೆಲ್ಲಿನವರು ಸಿನಿಮಾ, ಸೀರಿಯಲ್ಲುಗಳ ಅತ್ಯುತ್ತಮ ಸ್ವೆಟರನ್ನು ಅಭಿಮಾನಿಗಳ ವೋಟಿನಿಂದ ಆರಿಸಲು ಹೊರಟಿದ್ದರು. ಗೆದ್ದದ್ದನ್ನು ಹೆಣೆದವರ ಹೆಸರನ್ನು ವೇದಿಕೆಯಲ್ಲಿ ಕೂಗಿ ಕರೆಯುತ್ತಾರಂತೆ. ಸೀರಿಯಲ್ಲಿನ ಕೊನೆಯಲ್ಲಿ ಓಡುವ ಹೆಸರುಗಳಲ್ಲಿ ಚಹಾ ಕೊಡುವವನ ಹೆಸರೂ ಇರುತ್ತಿತ್ತು, ಅವಳದು ಇರುತ್ತಿರಲಿಲ್ಲ. ಎರಡು ವರ್ಷ ಅವಳು ಆ ಪಟ್ಟಿಯನ್ನು ಕೊನೆಯ ಸಾಲಿನವರೆಗೆ ಓದಿ, ಟಿ.ವಿ. ಆರಿಸುತ್ತಿದ್ದಳು. ಅಷ್ಟನ್ನು ಸಾಹೇಬರು ಗೊರಕೆಯ ನಡುವೆಯೂ ಗಮನಿಸಿದ್ದರು. ಶಪಥ ಹುಟ್ಟಿದ್ದೇ ಅಲ್ಲಿಂದ.

ಸಾಹೇಬರು ಕಂಡಕಂಡವರ ಕೈಲೆಲ್ಲ ವೋಟು ಒತ್ತಿಸಿದರು. ಸ್ವೆಟರು ಕೊನೆಯ ಎರಡಕ್ಕೆ ಬಂದೇಬಿಟ್ಟಿತು! ಎದುರಾಳಿ, ಸಿನಿಮಾ ನಾಯಕಿಯೊಬ್ಬಳ ನೀಲಿ ಸ್ವೆಟರು. ಭಾನುವಾರ ಸಭಾಂಗಣದಲ್ಲಿ ಕೊನೆಯ ವೋಟು. ವೋಟು ಹಾಕುವವರು ಅಲ್ಲಿ ಕೂತ ಪ್ರೇಕ್ಷಕರು ಮಾತ್ರ. ಶನಿವಾರ ಬೆಳಿಗ್ಗೆ ಸ್ವೆಟರ್ ಒಗೆತಕ್ಕೆಂದು ಮನೆಗೆ ಬಂತು. ಹೆಂಡತಿ ಅದನ್ನು ಒಗೆದು, ಮಂಚದ ಮೇಲೆ ಟವೆಲ್ ಹಾಸಿ ಹರಡಿದಳು.

“ಅಂಗಡಿಗೆ ಹೋಗಿ ಬರ್ತೀನಿ. ಅದನ್ನ ಮುಟ್ಬೇಡಿ.”

“ಕಾವಲಿಗೆ ನಾನಿರುವಾಗ ನೊಣಾನೂ ಕೂರಲ್ಲ, ಹೋಗು!”

ನೊಣ ಕೂರಲಿಲ್ಲ. ಆದರೆ ಎಡತೋಳಿನ ಅಂಚಿನಿಂದ ಗೇಣುದ್ದದ ದಾರವೊಂದು ನೇತಾಡುತ್ತಿತ್ತು. ಅಯ್ಯೋ, ಶೂಟಿಂಗಿನವರು ಎಲ್ಲೋ ಸಿಕ್ಕಿಸಿ ಎಳೆದುಬಿಟ್ಟಿದ್ದಾರಲ್ಲ! ಹತ್ತೊಂಬತ್ತು ವರ್ಷ ಪಳಗಿದ ಕೈ ತಲೆಯ ಅಪ್ಪಣೆಗೆ ಕಾಯಲಿಲ್ಲ. ಕಚಕ್!

ಕತ್ತರಿ ಬುಡದ ಗಂಟಿಗೇ ಬಿದ್ದಿತ್ತು. ಸಣ್ಣದೊಂದು ಮೊನೆ ಉಳಿಯಿತು. ಅದನ್ನೂ ತೆಗೆಯೋಣವೆಂದು ಎಳೆದರು. ಬಂತು. ಬರುತ್ತಲೇ ಇತ್ತು! ಒಂದು ಸಾಲು, ಎರಡು ಸಾಲು, ಐದು ಸಾಲು. ತೋಳು ಬಾಯಿ ಬಿಟ್ಟುಕೊಂಡು ಸಾಹೇಬರನ್ನು ನೋಡಿತು.

ಹೆಂಡತಿ ಬಂದಾಗ ಅವರು ಆ ತೋಳನ್ನು ರೋಗಿಯ ಕೈ ಹಿಡಿದಂತೆ ಹಿಡಿದು ಕೂತಿದ್ದರು.

“ರೀ! ಆ ದಾರ ಎಲ್ರೀ?”

“ಕೆಟ್ಟ ದಾರ ಕಣೇ, ನೇತಾಡ್ತಾ ಇತ್ತು...”

“ಅಯ್ಯೋ ದೇವ್ರೇ! ಆ ಇನ್‌ಸ್ಪೆಕ್ಟರ್ ಯೋಚನೆಗೆ ಬಿದ್ದಾಗೆಲ್ಲ ಅದೇ ದಾರ ಎಳ್ಕೋತಾನೆ. ಎಳ್ಕೊಂಡ ಅಂದ್ರೆ ಕಳ್ಳ ಸಿಕ್ಕಿಬಿದ್ದ ಅಂತಾನೇ ಲೆಕ್ಕ. ಜನ ವೋಟ್ ಹಾಕಿರೋದೇ ಆ ದಾರಕ್ಕೆ!”

“ಹಾಗಾದ್ರೆ... ಅದು ಶೂಟಿಂಗ್‌ನವ್ರು ಎಳೆದಿದ್ದಲ್ವಾ?”

“ಮೊದ್ಲಿಂದ್ಲೂ ಇದ್ದಿದ್ದು! ನಾನು ಒಳಗೆ ಸೇರಿಸೋಣ ಅನ್ನೋಷ್ಟರಲ್ಲಿ, ಹೊರಗೆ ಕಾರು ಕಾಯ್ತಿದೆ ಅಂತ ಕೈಯಿಂದ ಕಿತ್ಕೊಂಡು ನಂಬರ್ ಹೊಲಿದವ್ರು ಯಾರು? ಕೊರಳು ಬಿಟ್ರೆ ತೋಳಿನ ಕಡೆ ತಿರುಗಿಯಾದ್ರೂ ನೋಡಿದ್ರಾ?”

ಸಾಹೇಬರು ಕೊರಳೊಳಗಿನ ‘೧೭’ರ ಪಟ್ಟಿಯ ಮೇಲೆ ಅಂಗೈ ಮುಚ್ಚಿದರು.

ಅವಳು ಕಣ್ಣೊರೆಸಿಕೊಂಡು ಹೆಣಿಗೆ ಕಡ್ಡಿ ಹಿಡಿದಳು. ಬಿಚ್ಚಿದ ಉಣ್ಣೆ ತೋಳು ಮುಗಿಸಲು ಸಾಲುವಷ್ಟೇ ಇತ್ತು, ನೇತುಬಿಡಲು ಒಂದು ಬೆರಳಿನಷ್ಟೂ ಉಳಿಯಲಿಲ್ಲ. ಕತ್ತರಿಸಿದ ತುಂಡೋ, ಸಾಹೇಬರು ಅಭ್ಯಾಸಬಲದಿಂದ ಕಸದ ಗಾಡಿಗೆ ಹಾಕಿ ಕೈ ತೊಳೆದುಕೊಂಡಾಗಿತ್ತು. ಅವರು ಮೂರು ಉಣ್ಣೆ ಅಂಗಡಿ ಸುತ್ತಿ, ಇಟ್ಟಿಗೆಗೆ ಆದಷ್ಟೂ ಹತ್ತಿರದ ಬಣ್ಣವೊಂದನ್ನು ತಂದರು. ಗಟ್ಟಿಯಾಗಿ ಸಿಕ್ಕಿಸಿದರೆ ಹೆಣಿಗೆ ಜಗ್ಗುತ್ತದೆಂದು ಹೆಂಡತಿ ಗೇಣುದ್ದ ದಾರವನ್ನು ಸಡಿಲವಾಗಿ ಸಿಕ್ಕಿಸಿದಳು.

“ಗೊತ್ತಾಗಲ್ಲ ಬಿಡೇ,” ಎಂದರು ಸಾಹೇಬರು.

“ನೀವು ಹಾಗಂದ್ರೇನೇ ನಂಗೆ ಭಯ,” ಎಂದಳು ಅವಳು.

ಭಾನುವಾರ ಸಭಾಂಗಣ ಭರ್ತಿ. ಮೂರನೇ ಸಾಲಿನಿಂದ ಹಿಂದಕ್ಕೆ ಫಿನಿಷಿಂಗ್ ವಿಭಾಗದ ನಲವತ್ತು ಜನ, ಜೊತೆಗೆ ಸೂಪರ್‌ವೈಸರ್ ಮೇಡಂ. ಎಲ್ಲರನ್ನೂ ಸಾಹೇಬರೇ ಕೈಹಿಡಿದು ಕರೆತಂದಿದ್ದರು. ಹೆಂಡತಿಯನ್ನು ವೇದಿಕೆಯ ಮೇಲೆ ಒಂದು ಬದಿಗೆ ನಿಲ್ಲಿಸಿದ್ದರು. ಇನ್‌ಸ್ಪೆಕ್ಟರ್ ಪಾತ್ರಧಾರಿ ಸ್ವೆಟರ್ ತೊಟ್ಟು ಬಂದ. ಚಪ್ಪಾಳೆಯೋ ಚಪ್ಪಾಳೆ!

“ದಾರ ಎಳೀರಿ! ದಾರ ಎಳೀರಿ!” ಎಂದು ಜನ ಕೂಗಿದರು.

ಆತ ಹುಬ್ಬು ಗಂಟಿಕ್ಕಿ, ಗಂಭೀರವಾಗಿ ಯೋಚಿಸಿ, ದಾರ ಎಳೆದ.

ದಾರ ಪೂರ್ತಿಯಾಗಿ ಕೈಗೇ ಬಂತು.

ಹಿಂದಿನಿಂದ ಯಾರೋ ಚೀರಿದರು: “ಇದು ಡೂಪ್ಲಿಕೇಟು! ದಾರದ ಬಣ್ಣಾನೇ ಬೇರೆ!”

ನಿರೂಪಕಿ ಮೈಕ್ ಹಿಡಿದು, “ನೋಡೀಮ್ಮಾ, ತೆರೆ ಮೇಲೆ ಬಂದ ಅಸಲಿ ಸ್ವೆಟರಿಗೆ ಮಾತ್ರ ಸ್ಪರ್ಧೆಯಲ್ಲಿ ಅವಕಾಶ. ಇದು ಅದೇ ಅನ್ನೋದಕ್ಕೆ ಏನಾದ್ರೂ ಗುರುತಿದೆಯಾ?” ಎಂದಳು.

ಹೆಂಡತಿ ತಲೆ ತಗ್ಗಿಸಿದಳು. ಗುರುತು ಎಲ್ಲಿದೆಯೆಂದು ಅವಳಿಗೂ ಗೊತ್ತು, ಸಾಹೇಬರಿಗೂ ಗೊತ್ತು. ಅದನ್ನು ತೋರಿಸಿದರೆ ಹದಿನೇಳರ ಮಾನ ಹೋಗುತ್ತದೆಂದು ಅವಳು ಬಾಯಿ ಬಿಡಲಿಲ್ಲ. ಸಾಹೇಬರು ಮೇಡಂ ಕಡೆ ನೋಡಿದರು. ಹತ್ತೊಂಬತ್ತು ವರ್ಷದ ಕೀರ್ತಿ ಕಣ್ಣ ಮುಂದೆ ಸುಳಿಯಿತು. ಆದರೂ ಎದ್ದು ವೇದಿಕೆ ಹತ್ತಿ, ಇನ್‌ಸ್ಪೆಕ್ಟರ್‌ನ ಕೊರಳಪಟ್ಟಿಯನ್ನು ಹೊರಕ್ಕೆ ಮಡಚಿದರು. ಫೋನಿನಲ್ಲಿದ್ದ ಚಿತ್ರವನ್ನು ಪಕ್ಕದಲ್ಲಿ ಹಿಡಿದರು.

“ಹದಿನೇಳು!” ಎಂದಳು ನಿರೂಪಕಿ. “ಅಸಲಿಯೇ! ಯಾವ ಚೆಕ್ಕರ್ ಈ ಹದಿನೇಳು?”

“ನಾನೇ.”

“ಅಂದ್ರೆ, ದಾರ ನೇತಾಡ್ತಿದ್ರೂ ಇದನ್ನ ಪಾಸ್ ಮಾಡಿದ್ದು?”

“ನಾನೇ.”

“ಮತ್ತೆ, ಆ ದಾರ ಕತ್ತರಿಸಿದ್ದು?” ಅವಳ ಕಣ್ಣು ಸಾಹೇಬರ ಕೊರಳಿನ ಕತ್ತರಿಯ ಮೇಲಿತ್ತು.

“ಅದೂ ನಾನೇ, ತಾಯಿ.”

ಮೊದಲು ನಕ್ಕವರು ಸೂಪರ್‌ವೈಸರ್ ಮೇಡಂ. ಆಮೇಲೆ ನಲವತ್ತು ಜನರೂ ಹೊಟ್ಟೆ ಹಿಡಿದುಕೊಂಡು ಕುರ್ಚಿಯಿಂದ ಜಾರಿದರು. “ಹದಿನೇಳು! ಹದಿನೇಳು!” ಎಂಬ ಘೋಷಕ್ಕೆ ಸಭಾಂಗಣವೇ ನಡುಗಿತು. ಹೆಂಡತಿಯ ಹೆಸರು ಮೊಳಗಬೇಕಾಗಿದ್ದ ಜಾಗದಲ್ಲಿ ಗಂಡನ ನಂಬರು ಮೊಳಗಿತು!

ನೀಲಿ ಸ್ವೆಟರು ಮೂವತ್ತೊಂದು ವೋಟಿನಿಂದ ಗೆದ್ದಿತು. ಫಿನಿಷಿಂಗ್ ವಿಭಾಗದ ನಲವತ್ತೂ ಜನ ನಗುವ ಭರದಲ್ಲಿ ವೋಟು ಒತ್ತುವುದನ್ನೇ ಮರೆತಿದ್ದರು.

ಮನೆಗೆ ಹಿಂತಿರುಗುವ ಬಸ್ಸಿನಲ್ಲಿ ಸಾಹೇಬರು, “ನಿನ್ನ ಹೆಸರು ಕೇಳ್ಬೇಕು ಅಂತಾನೇ ಇಷ್ಟೆಲ್ಲ ಮಾಡಿದ್ದು ಕಣೇ,” ಎಂದರು.

“ಗೊತ್ತು. ವೇದಿಕೆ ಹತ್ತಿದ್ರಲ್ಲ, ಅದನ್ನ ನೋಡಿದೆ,” ಎಂದಳು ಅವಳು. ಆಮೇಲೆ ಅಂಗೈ ಚಾಚಿದಳು. “ಶಪಥ ಮಾಡಿದ್ರಲ್ಲ? ತನ್ನಿ.”

ಸಾಹೇಬರು ಕೊರಳಿನ ಕತ್ತರಿ ತೆಗೆದು ಅವಳ ಕೈಗಿಟ್ಟರು. ಅದು ಅವಳ ಚೀಲದ ತಳ ಸೇರಿತು.

ಮುಂದಿನ ಸೀಟಿನಲ್ಲಿ ಒಬ್ಬ ಬಂದು ಕೂತ. ಅವನ ಕಾಲರಿನಿಂದ ಬಿಳಿ ದಾರವೊಂದು ಇಳಿಬಿದ್ದು, ಬಸ್ಸು ಕುಲುಕಿದಂತೆಲ್ಲ ತೂಗಾಡತೊಡಗಿತು. ಸಾಹೇಬರ ಕೈ ತಾನಾಗಿ ಕೊರಳಿಗೆ ಹೋಗಿ ಬರಿಗೈಯಲ್ಲಿ ಮರಳಿತು. ಅವರು ಮೆಲ್ಲಗೆ, ಬಹಳ ಮೆಲ್ಲಗೆ, ಮುಂದಕ್ಕೆ ಬಾಗಿದರು.

“ರೀ,” ಎಂದಳು ಹೆಂಡತಿ, ಕಿಟಕಿಯಿಂದ ಕಣ್ಣು ತೆಗೆಯದೆ. “ಹಲ್ಲಲ್ಲೂ ಬೇಡ.”